ಬಲಗೈ ಬಿಟ್ಟರೂ ಓಡುವ ಗಾಡಿ

ಮನುಷ್ಯನ ನಾಗರಿಕತೆ ನಿಂತಿರುವುದೇ ಬಲಗೈಯ ಮೇಲೆ. ಉಣ್ಣುವುದು ಬಲಗೈ, ಕೊಡುವುದು ಬಲಗೈ, ಹರಸುವುದು ಬಲಗೈ, ಆಣೆ ಮಾಡುವಾಗ ಮುಂದೆ ಬರುವುದೂ ಅದೇ. ಮಾನವಕುಲದ ಇಷ್ಟೊಂದು ಭಾರ ಹೊತ್ತಿರುವ ಈ ಅಂಗ ಇವತ್ತು ಬೆಳಿಗ್ಗೆ ನನಗೆ ಟೂತ್‌ಪೇಸ್ಟಿನ ಮುಚ್ಚಳ ತೆಗೆದುಕೊಡಲಿಲ್ಲ.

ತಪ್ಪು ಅದರದಲ್ಲ. ನಿನ್ನೆ ಬೈಕಿನಲ್ಲಿ ಹೊಸಪೇಟೆಗೆ ಹೋಗಿ ಬಂದೆ. ಬೈಕ್ ಓಡಿಸುವವರಿಗೆ ಇದನ್ನು ವಿವರಿಸಬೇಕಿಲ್ಲ; ಓಡಿಸದ ಪುಣ್ಯವಂತರಿಗಾಗಿ ಹೇಳುತ್ತೇನೆ. ಹ್ಯಾಂಡಲ್ ಹಿಡಿದ ಎಡಗೈ ಅರೆಕಾಲಿಕ ನೌಕರ. ಗೇರು ಬದಲಿಸುವಾಗ ಕ್ಲಚ್ಚು ಹಿಡಿದರೆ ಅದರ ಕೆಲಸ ಮುಗಿಯಿತು. ಉಳಿದ ಹೊತ್ತು ತೊಡೆಯ ಮೇಲೆ ಕೂತು ಗಾಳಿ ತೆಗೆದುಕೊಳ್ಳಬಹುದು. ಬಲಗೈಗೆ ಆ ಭಾಗ್ಯವಿಲ್ಲ. ಎಕ್ಸಲರೇಟರನ್ನು ತಿರುಚಿ ಹಿಡಿದದ್ದು ಹಿಡಿದೇ ಇರಬೇಕು, ಸಡಿಲಿಸಿದರೆ ಗಾಡಿ ನಿಧಾನವಾಗಿ ಉಸಿರು ಬಿಟ್ಟು ನಿಲ್ಲುತ್ತದೆ. ಮೂರು ಗಂಟೆ ಹೀಗೆ ಹಿಡಿದರೆ ಅಂಗೈ ಜೋಮು ಹಿಡಿದು, ಮಣಿಕಟ್ಟು ಯಾರದೋ ಎರವಲು ತಂದದ್ದು ಅನಿಸತೊಡಗುತ್ತದೆ. ಹೆಂಡತಿ ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತಂದಿಟ್ಟಳು, ಅನುಕಂಪ ತರಲಿಲ್ಲ. ಕೈ ಅದ್ದಿಕೊಂಡು ಕೂತಿದ್ದಾಗ ನೆನಪಾದದ್ದು ನನ್ನ ಥ್ರಾಟಲ್ ಲಾಕು, ಅದರ ಹಿಂದೆಯೇ ಕೊಟ್ರಪ್ಪ ಮಾವ. (ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದಾನೆಂದು ಮರುಗಬೇಡಿ. ಮಧ್ಯಾಹ್ನದ ಹೊತ್ತಿಗೆ ಕೈ ದಾರಿಗೆ ಬಂದಿದೆ.)

ಐದಾರು ವರ್ಷದ ಹಿಂದೆ ನನಗೆ ದೂರಪ್ರಯಾಣದ ಹುಚ್ಚು ಹಿಡಿದಿತ್ತು. ಮೊಣಕಾಲಿಗೆ ಕವಚ ಬಂತು, ಟ್ಯಾಂಕಿನ ಮೇಲೆ ಕೂರುವ ಚೀಲ ಬಂತು, ಲಡಾಖಿನ ಚಳಿಗೆಂದು ಹೊಲಿದ ಕೈಗವಸು ಬಂತು. ಇಷ್ಟೆಲ್ಲ ತೊಟ್ಟು ನಾನು ಮೊದಲು ಹೋದದ್ದು ಚಿತ್ರದುರ್ಗಕ್ಕೆ. ಕೊನೆಗೆ ಬಂದದ್ದು ಈ ಲಾಕು. ಹ್ಯಾಂಡಲ್ಲಿನ ಬಲತುದಿಗೆ ತೊಡಿಸುವ ಒಂದು ಲೋಹದ ಬಳೆ, ಅದರಲ್ಲೊಂದು ಗುಂಡಿ. ಬೇಕಾದ ವೇಗಕ್ಕೆ ಬಂದ ಮೇಲೆ ಗುಂಡಿ ಒತ್ತಿದರೆ ಎಕ್ಸಲರೇಟರ್ ಅಲ್ಲೇ ಕಚ್ಚಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಬಿಡುತ್ತದೆ. ತೆರೆದ ರಸ್ತೆಯಲ್ಲಿ ಬೆರಳು ಬಿಚ್ಚಿ, ಕೈ ಕೊಡವಿಕೊಳ್ಳಲು ಅರ್ಧ ನಿಮಿಷದ ಬಿಡುವು. ಅಷ್ಟೇ ಅದರ ಉಪಕಾರ. ಆದರೆ ನೂರು ಕಿಲೋಮೀಟರ್ ದಾಟಿದವನಿಗೆ ಅದು ಅಷ್ಟಿಷ್ಟಲ್ಲ.

ಕೊಟ್ರಪ್ಪ ಮಾವ ನನ್ನ ತಾಯಿಯ ತಮ್ಮ. ದಾವಣಗೆರೆಯ ವಿನೋಬನಗರದಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ, ಹರಿಹರದಲ್ಲಿ ಇನ್ನೊಂದು. ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಒಂದು ಭಾನುವಾರ ಬಂದವರು ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಲಾಕಿನ ಹತ್ತಿರ ನಿಂತರು.

“ಗಾಡಿಗೆ ಬಳಿ ತೊಡಿಸೀಯಲ್ಲೋ ಅಳಿಯ. ಎಷ್ಟು ತಿಂಗಳು?”

ನಾನು ಆ ಮಾತನ್ನು ನುಂಗಿಕೊಂಡು, ಅದು ಕೆಲಸ ಮಾಡುವ ಬಗೆಯನ್ನು ತೋರಿಸಿದೆ. ಮಾವ ಗುಂಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟು ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: “ಅಂದ್ರ, ಬಲಗೈ ಬಿಟ್ರೂ ಗಾಡಿ ಹೋಗ್ತೈತೆ?”

ಹೋಗುತ್ತದೆ ಅಂದೆ. ಅವರ ಮುಖದಲ್ಲಿ ಮೂಡಿದ ಬೆಳಕನ್ನು ಕಂಡು, ಪಾಪ, ಇವರಿಗೂ ಮಣಿಕಟ್ಟು ನೋವಿರಬೇಕು ಅಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ ದೂರ ಹೋಗುವಂಥದ್ದು.

ಮಾವನ ವಿಚಾರ ನಿಮಗೆ ಸ್ವಲ್ಪ ಹೇಳಬೇಕು. ದಾವಣಗೆರೆಯಿಂದ ಹರಿಹರ ಎಷ್ಟು ದೂರವೆಂದು ಯಾರನ್ನು ಕೇಳಿದರೂ ಹದಿನಾಲ್ಕು ಕಿಲೋಮೀಟರ್ ಅನ್ನುತ್ತಾರೆ. ಮಾವನಿಗೆ ಅದು ಮೂವತ್ತೆಂಟು ಪರಿಚಯಸ್ಥರಷ್ಟು ದೂರ. ಗುರುತಿನವರು ಕಂಡರೆ ಅವರು ಗಾಡಿಯನ್ನು ಪಕ್ಕಕ್ಕೆ ತೆಗೆದು, ನಿಲ್ಲಿಸಿ, ಕಾಲು ನೆಲಕ್ಕೂರಿ, ಬಲಗೈಯನ್ನು ಎದೆಗೆ ಒಯ್ದು “ಶರಣ್ರೀ” ಎಂದು, ಉತ್ತರ ಬಂದ ಮೇಲೆಯೇ ಮುಂದೆ ಹೋಗುವವರು. ಓಡುತ್ತಿರುವ ಗಾಡಿಯಲ್ಲಿ ಎತ್ತಲು ಸಿಗುವುದು ಎಡಗೈ. ಎಡಗೈಯಲ್ಲಿ ಶರಣು ಮಾಡುವುದೆಂದರೆ ಅವರ ಲೆಕ್ಕದಲ್ಲಿ ಚಪ್ಪಲಿ ಕಾಲಲ್ಲಿ ಪೂಜೆಗೆ ಕೂತಂತೆ. ಹೀಗಾಗಿ ಪಿ.ಬಿ. ರಸ್ತೆಯ ಆ ಹದಿನಾಲ್ಕು ಕಿಲೋಮೀಟರಿಗೆ ಅವರಿಗೆ ಒಂದೂಕಾಲು ಗಂಟೆ ಬೇಕಾಗುತ್ತಿತ್ತು. ಅವರ ಹಿಂದೆ ಕೂತು ಹೋಗುವುದಕ್ಕಿಂತ ನಡೆಯುವುದು ವಾಸಿ ಎಂದು ನೀಲಮ್ಮ ಅತ್ತೆ ಎಷ್ಟೋ ಸಲ ಅಂದದ್ದುಂಟು.

ಇಂಥ ಮನುಷ್ಯನಿಂದ ಒಮ್ಮೆ ತಪ್ಪಾಯಿತು. ಅತ್ತೆಯ ತವರು ಹರಿಹರದಲ್ಲೇ, ಪಿ.ಬಿ. ರಸ್ತೆಗೆ ಮುಖ ಮಾಡಿದ ಮನೆ. ಅವರ ಅಣ್ಣ ಹಾಲಪ್ಪನವರು ಸಂಜೆ ಹೊತ್ತು ಮನೆಮುಂದಿನ ಕಟ್ಟೆಯ ಮೇಲೆ ಇಬ್ಬರು ಹಿರಿಯರ ಜೊತೆ ಕೂತಿದ್ದರು. ಮಾವ ಬಂದರು. ಬೆನ್ನಿಗೆ ಒಂದು ಲಾರಿ ಹಾರನ್ ಒತ್ತುತ್ತ ಅಂಟಿಕೊಂಡಿತ್ತು, ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್. ನಿಲ್ಲಿಸುವಂತಿಲ್ಲ, ಸುಮ್ಮನೆ ಹೋಗುವಂತೆಯೂ ಇಲ್ಲ. ಗಾಬರಿಯಲ್ಲಿ ಎಡಗೈ ಎತ್ತಿಬಿಟ್ಟರು. ಹಿರಿಯರಿಬ್ಬರೂ ನೋಡಿದರು. ಹಾಲಪ್ಪನವರು ಒಳಗೆ ಎದ್ದು ಹೋದರು.

ಮಾವ ಮೂರು ಸಲ ಅವರ ಮನೆಗೆ ಹೋದರು. ಮೂರು ಸಲವೂ ಹಾಲಪ್ಪನವರು ಪೂಜೆಯಲ್ಲಿದ್ದಾರೆಂಬ ಉತ್ತರ ಬಂತು. ಅದರಲ್ಲಿ ಒಂದು ಸಲ ಮಧ್ಯಾಹ್ನ ಮೂರು ಗಂಟೆ. ದೂರದಿಂದ ಮಾವನ ಗಾಡಿ ನಿಧಾನವಾದದ್ದು ಕಂಡರೂ ಸಾಕು, ಕಟ್ಟೆ ಖಾಲಿಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ಇಬ್ಬರು ಗಂಡಸರ ಗಾಂಭೀರ್ಯದ ಪ್ರದರ್ಶನವೆಂದು ನಾವು ನಕ್ಕು ಬಿಡಬಹುದಿತ್ತು. ಆದರೆ ನಾಗರಪಂಚಮಿ ಬಂತು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಮದುವೆಯಾದಾಗಿನಿಂದ ಹಾಲಪ್ಪನವರು ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ವರ್ಷ ಅತ್ತೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಡಬ್ಬಿಗೆ ತುಂಬಿ, ಸೀರೆ ಉಟ್ಟು ಸಂಜೆಯವರೆಗೆ ಕೂತಿದ್ದರು. ಯಾರೂ ಬರಲಿಲ್ಲ. ಮರುದಿನ ಉಂಡಿಗಳನ್ನು ಓಣಿಗೆಲ್ಲ ಹಂಚಿದರು. ನಾನು ಹನ್ನೊಂದು ತಿಂದೆ. ಸಂಗತಿ ಗೊತ್ತಾದದ್ದು ಆಮೇಲೆ. ಎರಡನೆಯ ವರ್ಷ ಅತ್ತೆ ಉಂಡಿ ಕಟ್ಟಲೇ ಇಲ್ಲ.

ಮಾವನಿಗೆ ನನ್ನ ಲಾಕು ಕಂಡದ್ದು ಮೂರನೆಯ ಪಂಚಮಿಗೆ ಹದಿನೈದು ದಿನ ಇರುವಾಗ. ಅವರ ತರ್ಕ ಹೀಗಿತ್ತು: ಅಪರಾಧ ಆದದ್ದು ರಸ್ತೆಯಲ್ಲಿ, ಓಡುವ ಗಾಡಿಯ ಮೇಲೆ, ಎಡಗೈಯಿಂದ. ಪರಿಹಾರವೂ ಅದೇ ರಸ್ತೆಯಲ್ಲಿ, ಓಡುವ ಗಾಡಿಯ ಮೇಲೆ, ಬಲಗೈಯಿಂದ ಆಗಬೇಕು. ಗಾಡಿ ನಿಧಾನ ಮಾಡದೆ ಹೋದರೆ ಹಾಲಪ್ಪನವರಿಗೆ ಒಳಗೆ ಹೋಗಲು ಪುರುಸೊತ್ತು ಸಿಗುವುದಿಲ್ಲ. ಹೈಕೋರ್ಟೂ ಇದರಲ್ಲಿ ಲೋಪ ಹುಡುಕಲಾರದು. ಪೇಟೆಯೊಳಗೆ ಅದನ್ನು ಬಳಸಬಾರದು, ತೆರೆದ ರಸ್ತೆಗೆ ಮಾತ್ರ ಎಂದು ನಾನು ಹೇಳಿದೆ. ಅದು ಅವರ ಕಿವಿಗೆ ಬಿದ್ದ ಯಾವ ಗುರುತೂ ಕಾಣಲಿಲ್ಲ.

ಕೊಂಡು ತರುವ ವಸ್ತುವಿನ ಮೇಲೆ ಮಾವನಿಗೆ ನಂಬಿಕೆಯಿಲ್ಲ. ನನ್ನ ಲಾಕನ್ನು ಮಾದರಿಗೆಂದು ಬಿಚ್ಚಿಸಿಕೊಂಡು ನಮ್ಮೂರಂಚಿನ ಕರೂರಿನ ಕೈಗಾರಿಕಾ ಪ್ರದೇಶಕ್ಕೆ ಹೋದರು. ಅಲ್ಲಿ ಅವರಿಗೆ ಗುರುತಿನ, ಲೋಹ ಕಡೆಯುವ ಒಂದು ಲೇತ್ ಅಂಗಡಿ ಇತ್ತು. ಯಜಮಾನರು ವಸ್ತುವನ್ನು ತಿರುಗಿಸಿ ನೋಡಿ, ಇದು ಯಾತಕ್ಕೆ ಬೇಕು ಎಂದು ಕೇಳಿದರು.

“ಶರಣು ಮಾಡಾಕ,” ಅಂದರು ಮಾವ.

ಯಜಮಾನರು ಅಳತೆ ತೆಗೆದುಕೊಂಡರು. ಮೂರು ದಿನದಲ್ಲಿ ಪಾವು ಕಿಲೋ ತೂಕದ ಹಿತ್ತಾಳೆ ಬಳೆ ತಯಾರಾಯಿತು. ಗುಂಡಿಯ ಜಾಗದಲ್ಲಿ ಬಿಗಿ ಮಾಡುವ ಒಂದು ಸ್ಕ್ರೂ. ನನ್ನ ಲಾಕು ಕಾಗದದ ಪೊಟ್ಟಣದಲ್ಲಿ ವಾಪಸು ಬಂತು. ಬಿಚ್ಚುವಾಗ ಐದಿದ್ದ ಭಾಗಗಳು ಬರುವಾಗ ಏಳಾಗಿದ್ದವು, ಮತ್ತೆ ಎಂದೂ ಒಂದಾಗಲಿಲ್ಲ.

ಕಾರ್ಖಾನೆಗಳಿಗೆ ರಜೆಯಿದ್ದ ದಿನ ಕರೂರಿನ ಖಾಲಿ ರಸ್ತೆಯಲ್ಲಿ ಅಭ್ಯಾಸ ನಡೆಯಿತು. ಮಾವ ಮೂವತ್ತರ ವೇಗಕ್ಕೆ ಸ್ಕ್ರೂ ಬಿಗಿದು, ಬಲಗೈ ಬಿಟ್ಟು, ಲೈಟು ಕಂಬಗಳಿಗೆ ಒಂದೊಂದಾಗಿ ಶರಣು ಮಾಡುತ್ತ ಹೋದರು. ಒಂದು ಗೇಟಿನ ಕಾವಲುಗಾರ ತನಗೇ ಎಂದುಕೊಂಡು ಎದ್ದು ನಿಂತು ಪ್ರತಿವಂದನೆ ಮಾಡಿದ. ಆರನೆಯ ಸುತ್ತಿನವರೆಗೂ ಮಾಡಿದ. ಏಳನೆಯ ಸುತ್ತಿಗೆ ಒಳಗೆ ಹೋಗಿ ಗೇಟು ಹಾಕಿಕೊಂಡ.

ಪಂಚಮಿಯ ಹಿಂದಿನ ದಿನ. ಆ ವರ್ಷವೂ ಕರೆ ಬಂದಿರಲಿಲ್ಲ. ಹರಿಹರದ ಅಂಗಡಿಯಲ್ಲಿ ಏನೋ ಕೆಲಸವಿದೆ, ನೀನೂ ಬಾ ಎಂದು ಮಾವ ಅತ್ತೆಯನ್ನು ಕರೆದರು. ಅಂಗಡಿಯಲ್ಲಿ ತನಗೇನು ಕೆಲಸವೆಂದು ಅತ್ತೆ ಕೇಳಲಿಲ್ಲ. ಗಾಡಿ ಹತ್ತುವ ಮೊದಲು ಒಂದು ಮಾತು ಮಾತ್ರ ಆಡಿದರು: “ಕರೀದೆ ನಾನು ಆ ಮನಿ ಮುಂದ ಇಳಿಯೋಳಲ್ಲ. ಮೊದ್ಲ ಹೇಳೀನಿ.”

ನಾನು ಹಿಂದೆ ನನ್ನ ಬೈಕಿನಲ್ಲಿ ಹೊರಟೆ. ಮಾವನ ಬಲಗೈ ಆ ದಿನ ಬಿಡುಗಡೆಯಾದ ಕೈದಿಯಂತಿತ್ತು. ಎಡಕ್ಕೆ ಶರಣು, ಬಲಕ್ಕೆ ಶರಣು, ಎಳನೀರಿನವನಿಗೆ, ಪಂಕ್ಚರ್ ಅಂಗಡಿಯವನಿಗೆ, ಬಸ್ಸಿನ ಕಿಟಕಿಯಲ್ಲಿದ್ದ ಯಾರಿಗೋ. ಅರ್ಧ ಗಂಟೆಯಲ್ಲಿ ಹರಿಹರ ಬಂತು.

ಹಾಲಪ್ಪನವರು ಕಟ್ಟೆಯ ಮೇಲಿದ್ದರು. ಮಾವ ವೇಗ ಇಳಿಸಲಿಲ್ಲ. ಮನೆ ಹತ್ತಿರ ಬರುತ್ತಿದ್ದಂತೆ ಬಲಗೈ ಎದೆಗೆ ಹೋಯಿತು, ತಲೆ ಬಾಗಿತು. “ಶರಣು ಶರಣಾರ್ಥಿ” ಎಂದು ಅವರು ಗಟ್ಟಿಯಾಗಿ ಅಂದದ್ದು ನನಗೂ ಕೇಳಿಸಿತು. ಹಾಲಪ್ಪನವರ ಬಲಗೈ, ತನ್ನ ಯಜಮಾನರನ್ನು ಕೇಳದೆಯೇ, ಅರವತ್ತು ವರ್ಷದ ಅಭ್ಯಾಸದಿಂದ ಮೇಲೆದ್ದಿತು. ಆಮೇಲೆ ಅವರ ಕಣ್ಣು ಹಿಂದೆ ಕೂತ ತಂಗಿಯ ಮೇಲೆ ಬಿತ್ತು.

ಮಾವನ ಯೋಜನೆ ಇದ್ದದ್ದು ಇಲ್ಲಿಯವರೆಗೆ. ಮುಂದೆ ಗಾಡಿ ನಿಲ್ಲಿಸುವುದೋ ಹೇಗೋ ಎಂದು ಅವರು ಯೋಚಿಸಿಯೇ ಇರಲಿಲ್ಲ. ನಿಲ್ಲಿಸಲು ಕೈ ಸ್ಕ್ರೂವಿನ ಕಡೆ ಹೋದಾಗ ಅತ್ತೆ ಹಿಂದಿನಿಂದ “ನಿಲ್ಲಿಸಬ್ಯಾಡ್ರಿ” ಅಂದರಂತೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತವರಿನ ಬಾಗಿಲನ್ನು ನೋಡದೆ, ನೆಟ್ಟಗೆ ಮುಂದೆ ನೋಡುತ್ತ ಹೋಗಿಬಿಟ್ಟರು.

ಹಾಲಪ್ಪನವರು ಕಟ್ಟೆಯಿಂದ ಇಳಿದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಅವರ ಸ್ಕೂಟರು ನಾಲ್ಕು ಒದೆತಕ್ಕೆ ಚಾಲೂ ಆಯಿತು. ಅವರು ನನ್ನನ್ನು ದಾಟಿ ಹೋದರು. ನಾನು ಮಾಡಿದ ಶರಣು ಅವರಿಗೆ ಕಾಣಲಿಲ್ಲ. ಅದು ಎಡಗೈಯದಾದ್ದರಿಂದ ಕಾಣದಿದ್ದದ್ದೇ ಒಳ್ಳೆಯದಾಯಿತು.

ಊರು ಮುಗಿದು ತುಂಗಭದ್ರೆಯ ಸೇತುವೆ ಬರುವ ಜಾಗದಲ್ಲಿ ಸ್ಕೂಟರು ಬೈಕಿನ ಪಕ್ಕಕ್ಕೆ ಬಂತು.

“ನೀಲವ್ವ, ಎಲ್ಲಿಗೆ ಹೊಂಟೀದಿ?”

“ಹೊಳಿ ಆಚೆ,” ಅಂದರು ಅತ್ತೆ.

“ಆಚೆ ಯಾರದಾರ ನಿನಗ?”

“ಈಚೆ ಯಾರದಾರ?”

ಹಿಂದಿನಿಂದ ಹಾಲಪ್ಪನವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೆನ್ನು ನೋಡಿದರೆ ಮನುಷ್ಯನ ವಯಸ್ಸು ಗೊತ್ತಾಗುತ್ತದೆಂದು ನನಗೆ ಅವತ್ತು ತಿಳಿಯಿತು.

“ಗಾಡಿ ನಿಲ್ಲಿಸ್ರಿ ಕೊಟ್ರಪ್ಪನೋರ,” ಅಂದರು ಹಾಲಪ್ಪನವರು.

“ನನ್ನ ಕೈಯಾಗಿಲ್ಲ. ಆಕೀನ ಕೇಳ್ರಿ.”

“ಹಬ್ಬಕ್ಕ ಕರೀತೀನವ್ವ,” ಅಂದರು ಅವರು. ಮೊದಲಿನ ಗತ್ತು ಆ ದನಿಯಲ್ಲಿರಲಿಲ್ಲ. “ನಡಿ ಮನೀಗೆ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮಾವನ ಭುಜ ತಟ್ಟಿ, ಈಗ ನಿಲ್ಲಿಸಿ ಅಂದರು.

ಗಾಡಿ ನಿಲ್ಲಲಿಲ್ಲ. ಹಿತ್ತಾಳೆಯ ಸ್ಕ್ರೂ ಕಚ್ಚಿಕೊಂಡಿತ್ತು. ಮಾವ ಬ್ರೇಕು ಒತ್ತಿದರೆ ಗಾಡಿ ಗುರುಗುಟ್ಟುತ್ತ ಮುಂದಕ್ಕೇ ಜಗ್ಗುತ್ತಿತ್ತು. ಹೀಗೆ ಬೀಗರಿಬ್ಬರೂ ಅಕ್ಕಪಕ್ಕದಲ್ಲಿ, ಹಿಂದೆ ಲಾರಿಗಳ ಮೆರವಣಿಗೆ ಕಟ್ಟಿಕೊಂಡು, ಇಡೀ ಸೇತುವೆ ದಾಟಿದರು. ಕೀಲಿ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆಂಬುದು ಮಾವನಿಗೆ ಹೊಳೆದದ್ದು ಆಚೆ ದಡದಲ್ಲಿ. ಅಣ್ಣ ತಂಗಿಯನ್ನು ಹಬ್ಬಕ್ಕೆ ಕರೆದದ್ದು ದಾವಣಗೆರೆ ಜಿಲ್ಲೆಯಲ್ಲಿ, ತಂಗಿ ಗಾಡಿ ಇಳಿದದ್ದು ಹಾವೇರಿ ಜಿಲ್ಲೆಯಲ್ಲಿ. ಅಲ್ಲಿಂದ ತವರಿಗೆ ಅತ್ತೆ ಅಣ್ಣನ ಸ್ಕೂಟರಿನಲ್ಲಿ ಹೋದರು. ಮಾವನ ಗಾಡಿಯ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ.

ದೂರಪ್ರಯಾಣದ ಸುಖಕ್ಕೆ ಮಾಡಿದ ವಸ್ತುವಿನಿಂದ ಮಾವ ಹೋದದ್ದು ಹೆಚ್ಚೆಂದರೆ ಹದಿನಾರು ಕಿಲೋಮೀಟರು. ನಾನು ಅದಿಲ್ಲದೆ ನಿನ್ನೆ ಹೊಸಪೇಟೆಗೆ ಹೋಗಿ ಬಂದೆ. ಕೂಡ್ಲಿಗಿ ದಾಟಿದ ಮೇಲೆ ಹೊಲದ ಬದುವಿನಲ್ಲಿ ನಿಂತಿದ್ದ ಮುದುಕರೊಬ್ಬರು, ನನ್ನ ಗುರುತಿಲ್ಲದವರು, ಸುಮ್ಮನೆ ಬಲಗೈ ಎತ್ತಿದ್ದರು. ನಾನು ತಲೆಯಾಡಿಸಿ ಹೋಗಿದ್ದೆ. ನಿಲ್ಲಿಸಬಹುದಿತ್ತು, ನನಗೇನೂ ಅವಸರವಿರಲಿಲ್ಲ. ಬಿಸಿನೀರಿಗೆ ಕೈನೋವು ಇಳಿಯಿತು. ಇದು ಇನ್ನೂ ಇಳಿದಿಲ್ಲ.

ಇವತ್ತು ಮಧ್ಯಾಹ್ನ ಮಾವ ಊಟಕ್ಕೆ ಬಂದಿದ್ದರು. ಕರೂರಿಗೆ ಹೋಗಿ ನನಗೊಂದು ಹಿತ್ತಾಳೆ ಬಳೆ ಮಾಡಿಸಿಕೊಡಿ ಎಂದು ನಾನಾಗಿಯೇ ಕೇಳಿದೆ. ಈ ಸಲ ಸ್ಕ್ರೂ ಸ್ವಲ್ಪ ಸಡಿಲ ಹೇಳೋಣ ಅಂದರು. ಈ ವರ್ಷದ ಪಂಚಮಿ ಆಗಿ ಎಂಟು ದಿನವಾಯಿತು. ಹಾಲಪ್ಪನವರು ಹಬ್ಬಕ್ಕೆ ಎರಡು ದಿನ ಮೊದಲೇ ಬಂದು ಕರೆದುಕೊಂಡು ಹೋದರು. ಅತ್ತೆ ಇನ್ನೂ ಹರಿಹರದಲ್ಲೇ ಇದ್ದಾರೆ. ಮಾವ ಎರಡು ಹೊತ್ತೂ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದಾರೆ.