ಫೇಲಾದವರಿಗೊಂದು ಸ್ಕಾಲರ್‌ಶಿಪ್

ಎರಡು ವರ್ಷದ ಹಿಂದಿನ ಮಾತು. ಅವ್ವ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅವಳು ಓದಿದ ಖಾನಾಪುರದ ಹೈಸ್ಕೂಲಿನಲ್ಲಿ ಅವಳ ಹೆಸರಿನಲ್ಲಿ ಪ್ರತಿವರ್ಷ ಒಂದು ಸ್ಕಾಲರ್‌ಶಿಪ್ ಕೊಡಬೇಕೆಂದು ನಾನು, ತಮ್ಮ ಭರತ ಮತ್ತು ಅಪ್ಪ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿ ಕೂತು ಮಾತಾಡಿದೆವು.

"ಸಾಲಿಗೆ ಫಸ್ಟ್ ಬಂದವ್ರಿಗೆ ಕೊಡೂಣು" ಅಂದ ಭರತ.

"ನಿಮ್ಮವ್ವ ಯಾವಾಗ ಫಸ್ಟ್ ಬಂದಿದ್ಲೋ?" ಅಂದರು ಅಪ್ಪ. "ಫೇಲಾಗಿ, ಮತ್ತ ಕುಂತು ಪಾಸಾದವ್ರಿಗೆ ಕೊಡೂಣು."

ಅದೇನೂ ಗುಟ್ಟಾಗಿರಲಿಲ್ಲ. ಅವ್ವ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಪಾಸಾಗಿ, ಅಂಗನವಾಡಿ ಟೀಚರ್ ಆದವಳು. ಈ ಕಥೆಯನ್ನು ಬೀಗರಿಗೂ ಹಾಲಿನವನಿಗೂ ನಗುತ್ತ ಹೇಳುತ್ತಿದ್ದಳು. ಅಪ್ಪ ಮಾತ್ರ ಫಸ್ಟ್ ಕ್ಲಾಸಿನವರು. ನಮಗೆ ಮಾರ್ಕ್ಸು ಕಡಿಮೆ ಬಂದಾಗಲೆಲ್ಲ ಅದನ್ನು ನೆನಪಿಸದೆ ಬಿಡುತ್ತಿರಲಿಲ್ಲ.

ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಹೇಳಿದರೆ ಗಾಬರಿಯಾದರು. "ಬ್ಯಾನರಿನ ಮ್ಯಾಲ ಏನಂತ ಬರಸೂದ್ರೀ ಮೇಡಂ? ಫೇಲಾದವ್ರ ಸತ್ಕಾರ ಅಂತೇನ್ರಿ?" ಆದರೂ ಪಾಪ, ಹುಡುಕಿ ಒಬ್ಬಳನ್ನು ಆರಿಸಿದರು. ಶೀತಲ ಅಂತ. ಗಣಿತದಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ ಪಿಯುಸಿ ಸೇರಿದ್ದಳು.

ಕಾರ್ಯಕ್ರಮದ ದಿನ ಶೀತಲ ಅಜ್ಜಿಯ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಿರೂಪಣೆ ಮಾಡುತ್ತಿದ್ದ ಮಾಸ್ತರರಿಗೆ ಪ್ರತಿಭಾ ಪುರಸ್ಕಾರದ ಭಾಷಣ ಬಾಯಿಪಾಠವಾಗಿತ್ತೇನೋ. ಅದೇ ಜೋಶಿನಲ್ಲಿ, "ಗಣಿತದಲ್ಲಿ ಸತತ ಎರಡು ಬಾರಿ ಅನುತ್ತೀರ್ಣರಾಗಿ ನಮ್ಮ ಶಾಲೆಗೆ ಕೀರ್ತಿ ತಂದ ಕುಮಾರಿ ಶೀತಲ, ಜೋರಾದ ಚಪ್ಪಾಳೆ!" ಅಂದುಬಿಟ್ಟರು.

ಹುಡುಗರೆಲ್ಲ ಹೋ ಎಂದು ನಕ್ಕರು. ಶೀತಲ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಜ್ಜಿ ಎದ್ದು ನಿಂತರು. "ಇದನ್ನ ಮೈಕಿನ್ಯಾಗ ಒದರಾಕ ಕರಸೀರೇನ್ರಿ? ಚಲ ಗ ಪೋರಿ, ಮನಿಗೆ ಹೋಗೂಣು!" ಎಂದು ಮರಾಠಿ ಬೆರೆಸಿ ಗದರಿ ಮೊಮ್ಮಗಳ ಕೈಹಿಡಿದು ಬಾಗಿಲ ಕಡೆ ಹೊರಟೇಬಿಟ್ಟರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅವ್ವನ ಹೆಸರಿನಲ್ಲಿ ಒಂದು ಮಗುವನ್ನು ಅಳಿಸಿದ್ದೆವು.

ಅಷ್ಟರಲ್ಲಿ ಅಪ್ಪ ಎದ್ದು ಮಾಸ್ತರರ ಕೈಯಿಂದ ಮೈಕು ಕಸಿದುಕೊಂಡರು.

"ಅಕ್ಕಾರ, ಜರಾ ನಿಂದರ್ರಿ. ನನ್ನ ಹೆಂಡ್ತಿ ಗಣಿತದಾಗ ಮೂರು ಸಲ ಫೇಲ್ರಿ. ನಾ ಎರಡು ಸಲ."

ನಾನೂ ಭರತನೂ ಮುಖ ಮುಖ ನೋಡಿಕೊಂಡೆವು. "ಅಪ್ಪಾ, ನೀವು ಫಸ್ಟ್ ಕ್ಲಾಸ್ ಅಂದಿದ್ರಿ!" ಎಂದು ಭರತ ಕೂತಲ್ಲಿಂದಲೇ ಕೂಗಿದ.

"ಅದು ಮೂರನೇ ಸಲಕ್ಕಪ್ಪಾ" ಅಂದರು ಅಪ್ಪ. "ಎರಡನೇ ಸಲ ಬೆಳಗಾವ್ಯಾಗ ಪರೀಕ್ಷಾಕ್ಕ ಹೋದಾಗ ಈಕಿ ತನ್ನ ಮೂರನೇ ಸಲಕ್ಕ ನನ್ನ ಹಿಂದಿನ ಬೆಂಚಿನ್ಯಾಗ ಕುಂತಿದ್ಲು. ಒಂದು ಲೆಕ್ಕದ ಉತ್ತರ ಕೇಳಿದ್ಲು. ನಾನೂ ಭಾಳ ಶಾಣ್ಯಾನಂಗ ಹೇಳಿಕೊಟ್ಟೆ. ಇಬ್ರೂ ಫೇಲ್! ಬೈಯಾಕಂತ ನನ್ನ ಹುಡಿಕ್ಕೊಂಡು ಬಂದ್ಲು, ಹಂಗs ಗುರುತಾತು. ನಾಕನೇ ಸಲ ನನ್ನ ಮಾತು ಕೇಳಲಿಲ್ಲ ನೋಡ್ರಿ, ಪಾಸಾದ್ಲು. ನಾವು ಮೊದಲs ಪಾಸಾಗಿದ್ರ, ಇಲ್ಲಿ ಕುಂತಾವಲ್ಲ ಈ ಎರಡು ಮಕ್ಕಳು, ಇವು ಹುಟ್ತಿದ್ದಿಲ್ಲ."

ಇಡೀ ಹಾಲು ನಮ್ಮಿಬ್ಬರ ಕಡೆ ತಿರುಗಿ ನಕ್ಕಿತು. ಹೆಡ್‌ಮಾಸ್ತರರು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತ, "ನಂದೂ ಇಂಗ್ಲಿಷ್ ಒಮ್ಮೆ ಹೋಗಿತ್ರೀ" ಅಂದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಆಮೇಲೆ ಮೊಮ್ಮಗಳನ್ನು ಮೆಲ್ಲಗೆ ಮುಂದಕ್ಕೆ ನೂಕಿ, "ಹೋಗ, ತಗೋ" ಅಂದರು. ಶೀತಲ ಮೂಗು ಒರೆಸಿಕೊಂಡು ವೇದಿಕೆ ಹತ್ತಿದಳು. ಈ ಸಲದ ಚಪ್ಪಾಳೆಯಲ್ಲಿ ಕುಚೇಷ್ಟೆ ಇರಲಿಲ್ಲ.

ಬೆಳಗಾವಿಗೆ ಮರಳುವಾಗ ಬಸ್ಸಿನಲ್ಲಿ ಕೇಳಿದೆ, "ಇಷ್ಟು ವರ್ಷ ಯಾಕ ಮುಚ್ಚಿಟ್ಟಿದ್ರಿ ಅಪ್ಪಾ?"

ಅಪ್ಪ ಕಿಟಕಿಯಿಂದ ನನ್ನ ಕಡೆ ಮುಖ ತಿರುಗಿಸಿದರು. "ನಾ ಹೇಳತೇನಂದ್ರ ನಿಮ್ಮವ್ವ ಬಿಡಲಿಲ್ಲವ್ವಾ. 'ನಂದು ಹೆಂಗೂ ಊರಿಗೆಲ್ಲ ಗೊತ್ತೈತಿ. ಮನಿಯಾಗ ಒಬ್ಬರರ ಶಾಣ್ಯಾರು ಅದಾರಂತ ಮಕ್ಕಳು ತಿಳ್ಕೊಳ್ಳಿ' ಅಂದಿದ್ಲು."

ಅವ್ವ ಬಾಯಲ್ಲಿ ಮಾತು ನಿಲ್ಲದವಳು ಎಂದೇ ನಾವು ಚೇಷ್ಟೆ ಮಾಡುತ್ತಿದ್ದೆವು. ತನ್ನ ಸೋಲನ್ನೆಲ್ಲ ಸಾರಿ ಹೇಳಿಕೊಂಡು ಅಪ್ಪನ ಸೋಲನ್ನು ಮಾತ್ರ ಕೊನೆಯವರೆಗೂ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅಪ್ಪ ಮೊದಲ ಸಲ ನಮ್ಮೆದುರು ಅತ್ತರು. ನಾನು ಅವರ ಕೈ ಹಿಡಿದುಕೊಂಡೆ. ನನಗೂ ಅಳು ಬಂತು, ಆದರೆ ಆ ಪರೀಕ್ಷೆಯ ಬೆಂಚು ನೆನಪಾಗಿ ನಡುನಡುವೆ ನಗುವೂ ಬರುತ್ತಿತ್ತು.