ಅರ್ಧ ನಿಮಿಷ ಕಾಯ್ಕ್

ನಮ್ಮ ಗೇರುಬೀಜದ ಕಾರ್ಖಾನೆಯ ಸಾಹುಕಾರರು ಲೈಸೆನ್ಸ್ ಇದ್ದ ಪಿಸ್ತೂಲನ್ನು ಅಂಗಿಯೊಳಗೆ, ಸೊಂಟದಲ್ಲಿ, ಯಾರಿಗೂ ಕಾಣದಂತೆ ಇಟ್ಟುಕೊಳ್ಳುತ್ತಿದ್ದರು. ಇದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದುದರಿಂದ ಅದು ಎಲ್ಲಿದೆಯೆಂದು ಕುಂದಾಪುರದಿಂದ ಬ್ರಹ್ಮಾವರದವರೆಗೆ ಎಲ್ಲರಿಗೂ ಗೊತ್ತಿತ್ತು.

ಲೈಸೆನ್ಸಿಗೆಂದು ಪಡೆದ ತರಬೇತಿಯಲ್ಲಿ ಅವರ ತಲೆಗೆ ಹತ್ತಿದ್ದು ಒಂದೇ ಪಾಠ: ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಪಿಸ್ತೂಲನ್ನು ಖಾಲಿ ಜಾಗದ ಕಡೆ ಹಿಡಿದು ಅರ್ಧ ನಿಮಿಷ ಕಾಯಬೇಕು, ನಳಿಗೆಯೊಳಗೆ ಇಣುಕಬಾರದು. "ಗಡ್ಬಿಡಿ ಮಾಡುಕಾಗ, ಅರ್ಧ ನಿಮಿಷ ಕಾಯ್ಕ್" ಎಂದು ಸ್ಟಾರ್ಟ್ ಆಗದ ಬಸ್ಸಿನ ಡ್ರೈವರನಿಗೂ, ಉರಿ ಹತ್ತದ ಒಲೆಯ ಮುಂದೆ ಬಗ್ಗಿದ ಹೆಂಡತಿಗೂ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಕೆಲಸದವರ ಸಂಬಳದ ಚೀಲ ಹಿಡಿದು ನಾನು ಅವರ ಸ್ಕೂಟರಿನ ಹಿಂದೆ ಕೂತಿದ್ದೆ. ತೆಕ್ಕಟ್ಟೆ ಹತ್ತಿರ ಗದ್ದೆ ದಾರಿಯಲ್ಲಿ ಒಬ್ಬ ಅಡ್ಡ ಬಂದು, ನಾಡ ಪಿಸ್ತೂಲು ಚಾಚಿ, ಟ್ರಿಗರ್ ಎಳೆದೇಬಿಟ್ಟ. ಟಕ್ ಎಂದಿತು, ಅಷ್ಟೇ. ಅವನು ನಳಿಗೆಯನ್ನು ತನ್ನ ಮುಖಕ್ಕೇ ತಿರುಗಿಸಿ ಇಣುಕತೊಡಗಿದ. ಇಣುಕಲಿ, ಹಾಳಾಗಿ ಹೋಗಲಿ ಎಂದುಕೊಂಡೆ ನಾನು.

"ಹ್ವಾಯ್! ಒಳ್ಗ್ ಕಾಣುಕಾಗ ಮಾರಾಯ!" ಸಾಹುಕಾರರು ಕೂಗಿದರು. "ಗದ್ದಿ ಬದಿಗ್ ತಿರ್ಗ್ಸ್. ಅರ್ಧ ನಿಮಿಷ ಕಾಯ್ಕ್."

ಅವನು ತಿರುಗಿಸಿದ. ಮೂವರೂ ಕಾದೆವು. ಢಂ ಎಂದಿತು, ಗದ್ದೆಯ ಕೆಸರು ಹಾರಿತು. ಅವನು ಪಿಸ್ತೂಲು ಬಿಸಾಡಿ ಓಡಿದ.

"ನಿಮ್ದ್ ಸೊಂಟ್ದಗೇ ಇತ್ತಲ್ದಾ, ಎಂತಕ್ಕ್ ತೆಗೀಲ್ಲೆ?" ನಾನು ಕೇಳಿದೆ.

ಸಾಹುಕಾರರು ಅಂಗಿಯ ಮೇಲೆ ಕೈಯಾಡಿಸಿಕೊಂಡರು.

"ಅವ ಕಲೀತಿದ್ದ ಅಲ್ದಾ. ಪಾಠದ ಮಧ್ಯ ತೆಗುದ್ ಹ್ಯಾಂಗೆ?"