ಕಸ್ತೂರಿ ಸುತ್ತುವ ಬೆಳ್ಳಿ ಸುರುಳಿ

ಬೆಳಗಿನ ಆರು ಗಂಟೆ. ಕಲಬುರಗಿಯ ಸೇಡಂ ರಸ್ತೆಯ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ ಕಸ್ತೂರಿ ಫ್ಯಾನ್ ಆರಿಸಿ, ಭೂತಗನ್ನಡಿಯ ಕೆಳಗೆ ಕೈಯಿಟ್ಟು ಕೂತಿದ್ದಾರೆ. ಮುಂದಿರುವುದು ತೊಗರಿಬೇಳೆಗಿಂತ ಚಿಕ್ಕದಾದ ಕಪ್ಪು ಹರಳು. ಅದಕ್ಕೆ ಕೂದಲೆಳೆಯಂಥ ಬೆಳ್ಳಿ ತಂತಿ ಸುತ್ತಬೇಕು. ಬಿಗಿಯಾದರೆ ಹರಳು ಸೀಳುತ್ತದೆ, ಸಡಿಲವಾದರೆ ಸಂಕೇತ ಸಿಗುವುದಿಲ್ಲ. ಎರವಲು ತಂದ ಹರಳು ಇದೊಂದೇ. ನಾಳೆ ಹಿಂದಿರುಗಿಸಬೇಕು.

ತೀರಾ ತಣ್ಣಗಾದಾಗ ಈ ಹರಳು ಅತಿವಾಹಕ. ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಆಗ ಒಳಗಿನ ಎಲೆಕ್ಟ್ರಾನುಗಳು ಹೇಗಿರುತ್ತವೆ ಎಂದು ತಿಳಿಯಲು ಹರಳನ್ನು ದೊಡ್ಡ ಅಯಸ್ಕಾಂತದೊಳಗಿಟ್ಟು ರೇಡಿಯೊ ತರಂಗ ಬಿಡುತ್ತಾರೆ. ಹರಳಿನಲ್ಲಿರುವ ತಾಮ್ರದ ಪರಮಾಣುಗಳು ಮರುದನಿ ಕೊಡುತ್ತವೆ. ಅದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ; ಸುತ್ತಲಿನ ಎಲೆಕ್ಟ್ರಾನುಗಳು ಬದಲಾದರೆ ಆ ಗೆರೆ ಜಾಗ ಬದಲಿಸುತ್ತದೆ. ತರಂಗ ಬಿಡುವುದೂ ಮರುದನಿ ಹಿಡಿಯುವುದೂ ಕಸ್ತೂರಿ ಸುತ್ತುವ ಸುರುಳಿಯೇ.

ಅವರ ಊರು ಕಮಲಾಪುರ. ತಂದೆ ಭಾಗಪ್ಪ ಬಾಳೆತೋಟಗಳ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರು. "ಶಾಲಿ ಬಿಟ್ಟು ಬಂದ ಕೂಡ್ಲೇ ಅಪ್ಪನ ಬಾಜೂ ಕುಂದರತಿದ್ದೆ ರೀ. ಸುತ್ತೂದು ಅಂದ್ರ ತಾಮ್ರ. ಬ್ಯಾರೆ ಗೊತ್ತೇ ಇರಲಿಲ್ಲ."

ಹೋದ ತಿಂಗಳು ಆ ಅಭ್ಯಾಸವೇ ತೊಡಕಾಯಿತು. ಸಂಶೋಧನಾ ವಿದ್ಯಾರ್ಥಿ ಮೌನೇಶನಿಗಾಗಿ ಅವರು ತಾಮ್ರದ ಸುರುಳಿಯನ್ನೇ ಸುತ್ತಿಕೊಟ್ಟಿದ್ದರು.

"ಮರುದನಿ ಜೋರು ಬಂತು ರೀ. ಎಲ್ಲಾರಿಗೂ ಪೇಡೆ ಹಂಚಿದೆ. ಎಷ್ಟು ತಣ್ಣಗ ಮಾಡಿದ್ರೂ ಗೆರಿ ಮಾತ್ರ ಜಾಗ ಬಿಡವಲ್ದು," ಎನ್ನುತ್ತಾನೆ ಮೌನೇಶ.

ಆ ಮರುದನಿ ಹರಳಿನ ತಾಮ್ರದ್ದಲ್ಲ, ಸುರುಳಿಯ ತಾಮ್ರದ್ದು. ಇಬ್ಬರಿಗೂ ಮೊದಲು ಹೊಳೆದಿರಲಿಲ್ಲ.

"ನನ್ನ ಪೇಡೆ ವಾಪಸ್ ಕೊಡ್ರಿ, ಅಕ್ಕ," ಎಂದಿದ್ದ ಮೌನೇಶ, ಗೊತ್ತಾದ ದಿನ.

"ತಿಂದು ಮುಗದದ. ನೀ ಬೆಳ್ಳಿ ತಂತಿ ತಾ."

ಬೆಳ್ಳಿಯ ಮರುದನಿ ಬೇರೆಡೆ ಬರುತ್ತದೆ, ತಾಮ್ರದ್ದಕ್ಕೆ ಅಡ್ಡಿಯಾಗುವುದಿಲ್ಲ. "ಬೆಳ್ಳಿ ಕೆಲಸ ಅಂದ್ರ ನಮ್ಮವ್ವ ನಂಬಂಗಿಲ್ಲ ರೀ," ಕಸ್ತೂರಿ ನಗುತ್ತಾರೆ. "ಕಾಲುಂಗುರಕ್ಕ ಆಗೂವಷ್ಟಾದ್ರೂ ಉಳೀತದೇನು ಅಂತ ಕೇಳ್ತಾಳ."

ಕೊನೆಯ ಸುತ್ತು ಮುಗಿಯುತ್ತದೆ. ಹರಳು ಸೀಳಿಲ್ಲ. ಮೌನೇಶ ಅದನ್ನು ಅಂಗೈಯಿಂದ ಮರೆಮಾಡಿ ಒಯ್ಯುತ್ತಾನೆ.

ಮಧ್ಯಾಹ್ನ ದ್ರವ ನೈಟ್ರೋಜನ್ ಸುರಿದು ತಣ್ಣಗೆ ಮಾಡುತ್ತಾರೆ. ಪರದೆಯ ಮೇಲಿನ ಗೆರೆ ನಿಂತಲ್ಲೇ ನಿಂತಿದೆ. ಮೌನೇಶ ಚಹಾ ಮುಟ್ಟುವುದಿಲ್ಲ. ಇನ್ನಷ್ಟು ತಣ್ಣಗಾದ ಮೇಲೆ ಗೆರೆ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ.

"ಸರೀತು, ಅಕ್ಕ."

ಕಸ್ತೂರಿ ಬಗ್ಗಿ ನೋಡುತ್ತಾರೆ. "ಈ ಸಲ ನನ್ನ ಸುರುಳಿ ನಡಕ ಬಾಯಿ ಹಾಕಿಲ್ಲ ನೋಡು," ಎನ್ನುತ್ತಾರೆ. "ಅಷ್ಟಾದ್ರ ಸಾಕು."